ಓದುಗರ ಪ್ರಶ್ನೆ: ಮರಕ್ಕೆ ಹುಳ ಬಿದ್ದದ್ದಕ್ಕೆಲ್ಲ ಮದ್ದು ಬಿಡ್ಬೇಕಾ?

ಮಳೆ ಶುರುವಾದ್ರೆ ಸಾಕು, ಈ ಅಂಕಣಕ್ಕೆ ಬರುವ ಪ್ರಶ್ನೆಯಲ್ಲಿ ಮುಕ್ಕಾಲು ಪಾಲು ಹುಳದ್ದೇ. ಒಂದು ಫೋಟೋ, ಕೆಳಗೆ ಒಂದೇ ಸಾಲು, "ಇದಕ್ಕೆ ಎಂತ ಮದ್ದು ಬಿಡೋದು?" ಅಂತ. ಅದು ಯಾವ ಮರದ ಎಲೆ, ಹುಳ ಎಷ್ಟು ದಿನದಿಂದ ಉಂಟು, ಮರಕ್ಕೆ ನಿಜವಾಗಿ ತೊಂದ್ರೆ ಆಗಿದೆಯಾ ಅಂತ ಬರಿಯೋರು ಕಡಿಮೆ. ಹುಳ ಕಂಡ್ರೆ ಅದು ರೋಗ, ಚಿಟ್ಟೆ ಕಂಡ್ರೆ ಚೆಂದ, ಎರಡೂ ಒಂದೇ ಜೀವ ಅನ್ನೋದು ಆ ಹೊತ್ತಿಗೆ ನೆನಪಿರೋದಿಲ್ಲ. ಈ ಸಲ ಅಡಿಕೆ, ತೆಂಗು, ಮಲ್ಲಿಗೆ ಪ್ರಶ್ನೆಗಳನ್ನ ಬದಿಗಿಟ್ಟು ಕಾಡು, ಬನ, ಪದವಿನ (ಮುರಕಲ್ಲಿನ ಬಯಲಿನ) ಕಡೆಯಿಂದ ಬಂದದ್ದನ್ನ ಮಾತ್ರ ತಗೊಂಡಿದ್ದೇನೆ. ಹೆಸರು ಹಾಕ್ಲಿಲ್ಲ, ಊರು ಮಾತ್ರ ಉಂಟು.

ಪ್ರ: ಕಾರ್ಕಳದ ಹತ್ರ ನಮ್ಮದು ಸ್ವಲ್ಪ ಸಾಗುವಾನಿ ಉಂಟು ಸರ್. ಒಂದೆರಡು ಮಳೆ ಬಂದ ಕೂಡ್ಲೇ ಚಿಗುರಿ ಚೆಂದ ಆಗಿತ್ತು, ಈಗ ನೋಡಿದ್ರೆ ಎಲೆಯಲ್ಲಿ ಬರೀ ದಪ್ಪ ನರ ಉಳಿದಿದೆ, ಮರದಡಿ ನಿಂತ್ರೆ ಹುಳದ ಹಿಕ್ಕೆ ತಲೆ ಮೇಲೆ ಉದುರ್ತದೆ, ನೂಲಲ್ಲಿ ಹುಳ ನೇತಾಡ್ತದೆ. ಮರ ಸಾಯ್ತದಾ? ಎಂತ ಮದ್ದು ಬಿಡೋದು?

ಉ: ಸಾಯೋದಿಲ್ಲ, ಹೆದ್ರಬೇಡಿ. ಇದು ಹಿಬ್ಲಿಯಾ ಪ್ಯೂರಾ ಅನ್ನುವ ಪತಂಗದ ಮರಿಹುಳ, ಸಾಗುವಾನಿ ಇರುವಲ್ಲೆಲ್ಲ ಇದು ಉಂಟು. ಹೆಣ್ಣು ಪತಂಗ ಎಳೆ ಚಿಗುರು ಹುಡುಕಿ ಮೊಟ್ಟೆ ಇಡ್ತದೆ, ಹುಳ ಎಲೆಯ ಅಂಚನ್ನ ಒಂದಿಷ್ಟು ಕತ್ತರಿಸಿ ಮಡಚಿ ನೂಲಿಂದ ಅಂಟಿಸಿ ಅದರೊಳಗೆ ಅಡಗಿ ಕೂತು ತಿಂತದೆ, ಎರಡು ವಾರದೊಳಗೆ ಬೆಳೆದು ನೂಲು ಬಿಟ್ಕೊಂಡು ಕೆಳಗಿಳಿದು ತರಗೆಲೆಯಲ್ಲಿ ಕೋಶ (ಪ್ಯೂಪಾ) ಆಗ್ತದೆ. ನಿಮ್ಮ ತಲೆ ಮೇಲೆ ನೇತಾಡ್ತಿರೋದು ಊಟ ಮುಗಿಸಿ ಇಳೀತಾ ಇರುವವು. ಅಂದ್ರೆ ಈಗ ಮದ್ದು ಬಿಟ್ರೆ ದುಡ್ಡು ಹೋಗ್ತದೆ ಅಷ್ಟೇ, ತಿನ್ನೋದೆಲ್ಲ ತಿಂದಾಗಿದೆ. ಇನ್ನು ಸ್ವಲ್ಪ ದಿನದಲ್ಲಿ ಮರ ಮತ್ತೆ ಚಿಗುರ್ತದೆ.

ಹಾಗಂತ ಮರಕ್ಕೆ ಏನೂ ಆಗೋದಿಲ್ಲ ಅಂತಲೂ ಅಲ್ಲ. ಕೇರಳದ ನಿಲಂಬೂರಿನಲ್ಲಿ 1840ರ ದಶಕದಿಂದ ಸಾಗುವಾನಿ ಪ್ಲಾಂಟೇಶನ್ ಉಂಟು, ಅಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಎಳೇ ಮರಗಳಲ್ಲಿ ಕೆಲವನ್ನ ಹುಳದಿಂದ ಕಾಪಾಡಿ, ಕೆಲವನ್ನ ಹಾಗೇ ಬಿಟ್ಟು ಅಳತೆ ಮಾಡಿದ್ರು. ಬಿಟ್ಟ ಮರಗಳಲ್ಲಿ ಬೆಳೀಬೇಕಾದ ದಿಮ್ಮಿಯಲ್ಲಿ 44% ಬೆಳವಣಿಗೆ ಖೋತಾ. ಮರ ಸತ್ತದ್ದಲ್ಲ, ದಪ್ಪ ಆಗುವ ಬದ್ಲು ಆ ಶಕ್ತಿಯನ್ನೆಲ್ಲ ಇನ್ನೊಂದು ಸಲ ಎಲೆ ಮಾಡ್ಲಿಕ್ಕೆ ಖರ್ಚು ಮಾಡಿದ್ದು.

ಈಗ ನೀವು ಕೇಳದೇ ಇದ್ದ ಪ್ರಶ್ನೆ, ಕಾಡಲ್ಲಿ ಬೇರೆ ಜಾತಿ ಮರಗಳ ನಡುವೆ ಒಂಟಿಯಾಗಿರುವ ಸಾಗುವಾನಿಗೆ ಯಾಕೆ ಇಷ್ಟು ಆಗೋದಿಲ್ಲ ಅಂತ. ಪತಂಗಕ್ಕೆ ಬೇಕಾದ್ದು ಎಳೇ ಎಲೆ, ಅದೂ ಒಂದೇ ವಾರದಲ್ಲಿ ರಾಶಿ ರಾಶಿ. ನಾವು ಎಕರೆಗಟ್ಲೆ ಒಂದೇ ಮರ ನೆಟ್ಟು ಎಲ್ಲವೂ ಒಂದೇ ಮಳೆಗೆ ಚಿಗುರುವ ಹಾಗೆ ಮಾಡಿದ್ರೆ ಕರೆದು ಬಡಿಸಿದ ಹಾಗೇ ಆಯ್ತು. ಹುಳ ಹೆಚ್ಚಾದ ಕಡೆ ಇನ್ನೊಂದು ನಡೀತದೆ, ಅವುಗಳಿಗೇ ಒಂದು ವೈರಸ್ ಬೀಳ್ತದೆ, ಹುಳ ಮೆತ್ತಗಾಗಿ ಎಲೆಯಿಂದ ತಲೆಕೆಳಗಾಗಿ ಜೋತು ಬಿದ್ದು ಒಳಗೆಲ್ಲ ನೀರಾಗಿರ್ತದೆ, ಅದು ಒಡೆದು ಬೇರೆ ಹುಳಕ್ಕೂ ಹಬ್ಬುತ್ತದೆ. ಈ ವೈರಸ್ಸನ್ನೇ ನೀರಲ್ಲಿ ಕಲಸಿ ಸ್ಪ್ರೇ ಮಾಡುವ ಪ್ರಯೋಗವೂ ನಿಲಂಬೂರಿನಲ್ಲಿ ಆಗಿದೆ. ಕಾಜಾಣ, ಮೈನಾ, ಕಾಗೆ ಬಂದು ತಿನ್ನೋದಂತೂ ನಿಮಗೇ ಕಾಣ್ತಿರಬಹುದು. ಇಂಡೋನೇಶ್ಯದ ಜಾವಾದಲ್ಲಿ ಜನರೇ ಈ ಕೋಶ ಹೆಕ್ಕಿ ಹುರಿದು ತಿಂತಾರೆ, ನಿಮಗೆ ಶಿಫಾರಸು ಮಾಡ್ತಾ ಇಲ್ಲ.

ಪ್ರ: ಬ್ರಹ್ಮಾವರದ ಕಡೆ ನಮ್ಮ ಕುಟುಂಬದ ನಾಗಬನ ಉಂಟು. ಅದರಲ್ಲಿ ಒಂದು ಹಳೇ ಮರದ ರೆಂಬೆ ತುಂಬ ಮುಳ್ಳುಮುಳ್ಳಿನ ಉಂಡೆ, ದೂರದಿಂದ ರಂಬುಟಾನ್ ಹಾಗೆ ಕಾಣ್ತದೆ. ಕೆಲವರು ಹಣ್ಣು ಅಂತಾರೆ, ನನ್ನ ದೊಡ್ಡಪ್ಪ ಮರಕ್ಕೆ ರೋಗ ಬಂದಿದೆ, ಕಡಿದು ಬನವನ್ನ ಸಿಮೆಂಟ್ ಮಾಡಿಸುವ ಅಂತ ಹಠ ಹಿಡಿದಿದ್ದಾರೆ. ಫೋಟೋ ಕಳಿಸಿದ್ದೇನೆ.

ಉ: ಫೋಟೋ ನೋಡಿ ನಿಜ ಹೇಳ್ತೇನೆ, ಈ ತಿಂಗಳು ಬಂದದ್ರಲ್ಲಿ ನನಗೆ ಅತೀ ಖುಷಿ ಕೊಟ್ಟ ಪ್ರಶ್ನೆ ಇದು. ಮರ ಬೋಗಿ ಜಾತಿಯದ್ದು, ಹೋಪಿಯಾ ಪೊಂಗಾ. ಪಶ್ಚಿಮ ಘಟ್ಟ ಬಿಟ್ರೆ ಲೋಕದಲ್ಲಿ ಬೇರೆಲ್ಲೂ ಇಲ್ಲ, ನಮ್ಮ ಕರಾವಳಿಯ ಬನಗಳಲ್ಲಿ ಇನ್ನೂ ಉಳಿದಿದೆ. ಮುಳ್ಳುಂಡೆ ಅದರ ಹಣ್ಣಲ್ಲ. ಹಣ್ಣು ಬಂದಾಗ ನೋಡಿ, ಸಣ್ಣ ಕಾಯಿ, ಅದಕ್ಕೆ ಎರಡು ಉದ್ದ ರೆಕ್ಕೆ, ಉದುರುವಾಗ ಗಿರಗಿರ ತಿರುಗ್ತಾ ಬೀಳ್ತದೆ. ರೆಕ್ಕೆ ಉಂಟಾ ಹಣ್ಣು, ಮುಳ್ಳುಂಟಾ ಅದು ಒಂದು ಕೀಟದ ಮನೆ.

ಇಂಥ ಮನೆಗೆ ಗಾಲ್ ಅಂತಾರೆ. ಕಟ್ಟಿಸಿದ್ದು ಒಂದು ಶಲ್ಕ ಕೀಟ, ಹಿಟ್ಟು ತಿಗಣೆಯ ದೂರದ ಸಂಬಂಧಿ. ಕಟ್ಟಿಸಿದ್ದು ಅಂತ ಬೇಕಂತಲೇ ಹೇಳಿದ್ದು, ಯಾಕಂದ್ರೆ ಕಟ್ಟಿದ್ದು ಕೀಟ ಅಲ್ಲ, ಮರವೇ. ಮರಿ ಕೀಟ ಎಳೇ ಭಾಗದಲ್ಲಿ ಕೂತು ಬಾಯಿಯ ಸೂಜಿ ಚುಚ್ಚಿ ರಸ ಹೀರುವಾಗ ಆ ಜಾಗದಲ್ಲಿ ಮರದ ಬೆಳವಣಿಗೆಯ ದಾರಿಯೇ ತಪ್ತದೆ, ಚಿಗುರಾಗಬೇಕಾದ ಜೀವಕೋಶಗಳು ಕೀಟದ ಸುತ್ತ ಗೋಡೆ ಆಗಿ, ಮುಳ್ಳಾಗಿ ಬೆಳೀತವೆ. ಒಳಗೆ ಕೂತ ಹೆಣ್ಣಿಗೆ ರೆಕ್ಕೆ ಇಲ್ಲ, ಎಲ್ಲಿಗೂ ಹೋಗ್ಲಿಕ್ಕಿಲ್ಲ, ಮಳೆ ತಾಗೋದಿಲ್ಲ, ಹಕ್ಕಿಗೆ ಸಿಗೋದಿಲ್ಲ, ಊಟ ಗೋಡೆಯಲ್ಲೇ ಉಂಟು. ಒಂದು ಜಾತಿ ಕೀಟ ಮಾಡಿಸುವ ಉಂಡೆ ಯಾವಾಗ್ಲೂ ಒಂದೇ ಆಕಾರ, ಇನ್ನೊಂದು ಜಾತಿ ಅದೇ ಮರದಲ್ಲಿ ಮಾಡಿಸಿದ್ರೆ ಬೇರೆ ಆಕಾರ. ಮರ ಅದೇ, ಆರ್ಡರ್ ಕೊಟ್ಟವರು ಬೇರೆ.

ಈ ಕೀಟಕ್ಕೆ ವಿಜ್ಞಾನದ ಹೆಸರು ಕೊಟ್ಟದ್ದು 1992ರಲ್ಲಿ. ಮ್ಯಾಂಗಲೋರಿಯಾ ಹೋಪಿಯೇ! ಬರೀ ಜಾತಿ ಹೊಸದಾಗಿದ್ದಲ್ಲ, ಕುಲವೇ ಹೊಸದು, ಆ ಕುಲಕ್ಕೇ ನಮ್ಮ ಮಂಗಳೂರಿನ ಹೆಸರು. ಬಂದರು, ಬನ್ಸ್, ಐಸ್‌ಕ್ರೀಮ್ ಅಂತ ಹೇಳ್ತಾ ಇರ್ತೇವೆ, ನಮ್ಮ ಊರಿನ ಹೆಸರಲ್ಲಿ ಒಂದು ಕೀಟ ಉಂಟು ಅಂತ ಹೇಳಿದವರನ್ನ ನಾನಂತೂ ಕಂಡಿಲ್ಲ.

ಮರಕ್ಕೆ ತೊಂದ್ರೆ? ರೆಂಬೆಯಲ್ಲಿ ನಾಲ್ಕು ಉಂಡೆ ಇದ್ರೆ ಲೆಕ್ಕಕ್ಕಿಲ್ಲ. ತುಂಬ ಆದ್ರೆ ಆ ರೆಂಬೆಯಲ್ಲಿ ಚಿಗುರು ಕಡಿಮೆ ಆಗ್ತದೆ, ಹಳೇ ಮರ ತಡ್ಕೊಳ್ತದೆ. ಕಡಿಯುವ ಮಾತಂತೂ ಬೇಡ. ಇನ್ನು ದೊಡ್ಡಪ್ಪನ ಸಿಮೆಂಟ್ ವಿಷಯ. ಬನಕ್ಕೆ ಕಾಂಕ್ರೀಟ್ ಹಾಕಿ, ಟೈಲ್ಸ್ ಕೂರಿಸಿ, ಸ್ಟೀಲ್ ರೇಲಿಂಗ್ ಇಟ್ಟು "ಜೀರ್ಣೋದ್ಧಾರ" ಅಂತ ಬೋರ್ಡ್ ಹಾಕೋದು ಈಗ ಊರೂರಲ್ಲಿ ಕಾಣ್ತದೆ, ನನಗದು ಸ್ವಲ್ಪವೂ ಸರಿ ಕಾಣೋದಿಲ್ಲ. ಹಿರಿಯರು ಅಲ್ಲಿಂದ ಒಂದು ಕಡ್ಡಿಯೂ ತರಬಾರದು ಅಂತ ಇಟ್ಟದ್ದರಿಂದಲೇ ಸುರಗಿ, ರೆಂಜೆ, ಬೋಗಿ ಎಲ್ಲ ಉಳಿದದ್ದು, ಅವುಗಳನ್ನ ನಂಬಿದ ಕೀಟವೂ ಉಳಿದದ್ದು. ಮ್ಯಾಂಗಲೋರಿಯಾಕ್ಕೆ ಬೋಗಿ ಬಿಟ್ಟು ಮಾವಿನ ಮರಕ್ಕೆ ಹೋಗಿ ಬದುಕ್ಲಿಕ್ಕೆ ಬರೋದಿಲ್ಲ. ದೊಡ್ಡಪ್ಪನಿಗೆ ಈ ಪುಟ ಓದಿ ಹೇಳಿ, ಕೋಪ ಬಂದ್ರೆ ನನ್ನ ಮೇಲೆ ಹಾಕಿ.

ಪ್ರ: ಹೆಬ್ರಿಯಿಂದ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಕೆತ್ತೆ (ತೊಗಟೆ) ತರುವ ನಮ್ಮ ಪಾಲೆ (ಹಾಲೆ) ಮರದ ಎಲೆ ತುಂಬ ಗಂಟು ಎದ್ದಿದೆ. ಕಷಾಯ ಕುಡೀಬಹುದಾ?

ಉ: ಅದೂ ಗಾಲ್, ಮೇಲಿನ ಪ್ರಶ್ನೆಯದ್ದೇ ಕಥೆ, ಕೀಟ ಮಾತ್ರ ಬೇರೆ. ಸಿಲ್ಲಿಡ್ ಅನ್ನುವ ಪುಟ್ಟ ಜಿಗಿಯುವ ಕೀಟ, ಒಂದು ಗಂಟನ್ನ ಬ್ಲೇಡಲ್ಲಿ ಸೀಳಿದ್ರೆ ಒಳಗೆ ಹಳದಿ ಬಣ್ಣದ ಚಪ್ಪಟೆ ಮರಿ ಕಾಣ್ತದೆ. ಪಾಲೆ ಚುಚ್ಚಿದ್ರೆ ಹಾಲು ಸುರಿಸುವ ಮರ, ಕಹಿಯೂ ಜೋರು, ಹೆಚ್ಚಿನ ಹುಳ ಹತ್ರ ಬರೋದಿಲ್ಲ. ಈ ಸಿಲ್ಲಿಡ್‌ಗೆ ಮಾತ್ರ ಪಾಲೆಯೇ ಬೇಕು. ಕೆತ್ತೆಗೂ ಎಲೆಯ ಗಂಟಿಗೂ ಸಂಬಂಧ ಇಲ್ಲ. ಆದ್ರೆ ಒಂದು ಮಾತು, ಕತ್ತಲಲ್ಲಿ ಹೋಗಿ ಗುರುತು ತಪ್ಪಿ ಬೇರೆ ಮರದ ಕೆತ್ತೆ ತಂದ್ರೆ ಅಪಾಯ. ಕಾಸರಕದ ಮರ ನಮ್ಮ ಗುಡ್ಡೆಯಲ್ಲಿ ಬೇಕಾದಷ್ಟು ಉಂಟು, ಅದರಲ್ಲಿರೋದು ಸ್ಟ್ರಿಕ್ನಿನ್, ಅಪ್ಪಟ ವಿಷ. ಮುಂಚಿನ ದಿನ ಹಗಲಲ್ಲೇ ಮರ ಗೊತ್ತಿರುವವರ ಹತ್ರ ಗುರುತು ಮಾಡಿಸಿಡಿ.

ಪ್ರ: ಮೂಡಬಿದಿರೆಯಿಂದ ಬರೀತಿದ್ದೇನೆ. ನಮ್ಮ ಅಜ್ಜಿ ಅತ್ತಿಹಣ್ಣು ಮುಟ್ಲಿಕ್ಕೇ ಬಿಡ್ತಿರ್ಲಿಲ್ಲ, ನಾವು ಜೈನರು, ಪಂಚ ಉದುಂಬರ (ಅತ್ತಿ, ಆಲದಂಥ ಐದು ಹಣ್ಣು) ವರ್ಜ್ಯ, ಒಳಗೆ ಜೀವ ಇರ್ತದೆ ಅಂತ. ಈಗ ಮಗಳು ಇಂಟರ್‌ನೆಟ್ಟಲ್ಲಿ ಓದಿ ಅಂಗಡಿಯ ಅಂಜೂರದಲ್ಲೂ ಸತ್ತ ಕಣಜ ಉಂಟು ಅಂತಾಳೆ. ಹೌದಾ?

ಉ: ಅಜ್ಜಿ ಹೇಳಿದ್ದು ಅಕ್ಷರಶಃ ನಿಜ ಅಕ್ಕ. ಅತ್ತಿ, ಆಲ, ಅರಳಿ ಎಲ್ಲವೂ ಒಂದೇ ವಂಶ, ಇವುಗಳಿಗೆ ಹೂ ಇಲ್ಲ ಅಂತ ಜನ ಹೇಳೋದು, ಹೂ ಇರೋದು ಕಾಯಿಯ ಒಳಗೆ. ನಾವು ಕಾಯಿ ಅನ್ನುವುದೇ ಒಂದು ಮುಚ್ಚಿದ ಹೂಗೊಂಚಲು. ಅದರ ತುದಿಯಲ್ಲಿ ಎಸಳು ಎಸಳಾಗಿ ಒಂದರ ಮೇಲೊಂದು ಕೂತ ಚಿಕ್ಕ ಬಾಗಿಲು ಉಂಟು, ಒಂದು ಎಳೇ ಅತ್ತಿಕಾಯಿ ತಗೊಂಡು ತುದಿ ನೋಡಿ, ಬರಿಗಣ್ಣಿಗೇ ಕಾಣ್ತದೆ.

ಅತ್ತಿಗೆ ಅಂತಲೇ ಇರುವ ಒಂದು ಕಣಜ, ಸೆರಾಟೊಸೊಲೆನ್ ಫುಸಿಸೆಪ್ಸ್, ಎರಡು ಮಿಲಿಮೀಟರ್ ಆಸುಪಾಸಿನ ಜೀವ, ಆ ಬಾಗಿಲಲ್ಲಿ ತೂರಿ ಒಳಗೆ ಹೋಗ್ತದೆ. ಎಷ್ಟು ಇಕ್ಕಟ್ಟು ಅಂದ್ರೆ ನುಗ್ಗುವಾಗ ರೆಕ್ಕೆ ಕಿತ್ತು ಹೊರಗೇ ಬೀಳ್ತದೆ, ಇನ್ನು ವಾಪಸ್ ಹಾರುವ ಮಾತಿಲ್ಲ. ಒಳಗೆ ಅದು ತಂದ ಪರಾಗವನ್ನ ಹೂಗಳಿಗೆ ಹಚ್ಚುತ್ತದೆ, ಕೆಲವು ಹೂವಿನ ಅಂಡಾಶಯದಲ್ಲಿ ಮೊಟ್ಟೆ ಇಡ್ತದೆ, ಅಲ್ಲೇ ಸಾಯ್ತದೆ. ಮೊಟ್ಟೆ ಬಿದ್ದ ಹೂ ಮರಿ ಕಣಜಕ್ಕೆ ಊಟ, ಬೀಳದ ಹೂ ಮರಕ್ಕೆ ಬೀಜ. ಮರಿಗಳು ಬೆಳೆದ ಮೇಲೆ ಮೊದ್ಲು ಹೊರಬರೋದು ಗಂಡು, ಅವಕ್ಕೆ ರೆಕ್ಕೆಯೇ ಇಲ್ಲ, ಹೊರಲೋಕದಲ್ಲಿ ಅವಕ್ಕೆ ಕೆಲಸ ಇಲ್ಲ. ಇನ್ನೂ ಹೂವಿನೊಳಗಿರುವ ಹೆಣ್ಣುಗಳ ಜೊತೆ ಕೂಡಿ, ಕಾಯಿಯ ಗೋಡೆಯಲ್ಲಿ ಒಂದು ತೂತು ಕೊರೆದು ಕೊಟ್ಟು ಸಾಯ್ತವೆ. ಹೆಣ್ಣುಗಳು ಅಷ್ಟರಲ್ಲಿ ಮಾಗಿದ ಗಂಡು ಹೂಗಳಿಂದ ಪರಾಗ ತುಂಬ್ಕೊಂಡು ಆ ತೂತಲ್ಲಿ ಹೊರಗೆ ಹೋಗಿ ಇನ್ನೊಂದು ಅತ್ತಿ ಮರ ಹುಡುಕ್ಬೇಕು, ಆಯುಸ್ಸು ಒಂದೆರಡು ದಿನ ಅಷ್ಟೇ. ಹುಡುಕ್ತವೆ ಕೂಡ. ಆಫ್ರಿಕಾದ ನಮೀಬಿಯಾ ಮರುಭೂಮಿಯಲ್ಲಿ ಇದೇ ಅತ್ತಿಯ ಸಂಬಂಧಿ ಮರಗಳ ಮಧ್ಯೆ ಕಣಜ ಗಾಳಿ ಹಿಡಿದು 160 ಕಿ.ಮೀ. ದೂರದವರೆಗೂ ಪರಾಗ ಸಾಗಿಸಿದ್ದು 2009ರಲ್ಲಿ ದಾಖಲಾಗಿದೆ.

ಇದರಲ್ಲಿ ಕಳ್ಳರೂ ಉಂಟು. ಪರಾಗ ಗಿರಾಗ ಏನೂ ತರದೆ, ಒಳಗೂ ಹೋಗದೆ, ಕಾಯಿಯ ಹೊರಗೆ ನಿಂತು ಉದ್ದದ ಸೂಜಿ ಚುಚ್ಚಿ ಒಳಗೆ ಮೊಟ್ಟೆ ಇಡುವ ಕಣಜ ಜಾತಿಗಳು. ಗಟ್ಟಿ ಕಾಯಿ ಕೊರೀಲಿಕ್ಕೆ ಅಂತ ಅಂಥ ಒಂದರ ಸೂಜಿಯ ತುದಿಯಲ್ಲಿ ಸತು ಸೇರಿರೋದನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2014ರಲ್ಲಿ ತೋರಿಸಿದ್ದಾರೆ. ಕೂದಲಿಗಿಂತ ಸಪೂರ ಇರುವ ಸೂಜಿಗೆ ಲೋಹದ ತುದಿ! ಈ ಕಳ್ಳರನ್ನ ಹಿಡಿದು ತಿನ್ಲಿಕ್ಕೆ ಕಾಯಿ ಮೇಲೆ ಇರುವೆಗಳು ಓಡಾಡ್ತಾ ಇರ್ತವೆ.

ಅತ್ತಿಯ ವಂಶದಲ್ಲಿ ಲೋಕದಲ್ಲಿ ಸುಮಾರು 750 ಬಗೆಯ ಮರ ಬಳ್ಳಿ ಉಂಟು, ಹೆಚ್ಚಿನವಕ್ಕೆ ತನ್ನದೇ ಕಣಜ. ಒಂದು ಮರ ಕಾಯಿ ಬಿಡುವಾಗ ಪಕ್ಕದ್ದು ಬಿಡೋದಿಲ್ಲ, ಹಾಗೆ ಸರದಿಯಲ್ಲಿ ಬಿಟ್ರೇ ಕಣಜಕ್ಕೆ ವರ್ಷವಿಡೀ ಮನೆ ಸಿಗೋದು. ಕಾಡಲ್ಲಿ ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಮಂಗಟ್ಟೆ ಹಕ್ಕಿಗೆ, ಮಂಗಕ್ಕೆ, ಬಾವಲಿಗೆ ಎಲ್ಲೋ ಒಂದು ಅತ್ತಿಯೋ ಆಲವೋ ಸಿಗ್ತದೆ ಅಂದ್ರೆ ಅದು ಈ ಎರಡು ಮಿಲಿಮೀಟರ್ ಕಣಜದ ಲೆಕ್ಕಾಚಾರದಿಂದ.

ಮಗಳ ಪ್ರಶ್ನೆಗೆ: ಅಂಗಡಿಯ ಅಂಜೂರದ ತಳಿಗಳಲ್ಲಿ ಹೆಚ್ಚಿನವು ಕಣಜ ಇಲ್ಲದೇ ಹಣ್ಣಾಗ್ತವೆ. ಸ್ಮಿರ್ನಾ ತರದ ಕೆಲವಕ್ಕೆ ಮಾತ್ರ ಕಣಜ ಬೇಕೇ ಬೇಕು, ಅದಕ್ಕಾಗಿಯೇ ಅಮೆರಿಕದ ಕ್ಯಾಲಿಫೋರ್ನಿಯಾದವರು 1899ರಲ್ಲಿ ಕಣಜವನ್ನೇ ತರಿಸಿ ಬಿಟ್ರು. ಅಂಥದ್ರಲ್ಲೂ ಒಳಗೆ ಸತ್ತ ಕಣಜವನ್ನ ಹಣ್ಣಿನ ಫೈಸಿನ್ ಅನ್ನುವ ಕಿಣ್ವ ಬಹುಪಾಲು ಕರಗಿಸ್ತದೆ. ವ್ರತ ಹಿಡಿದವರು ತಿನ್ನೋದಾ ಬಿಡೋದಾ ಅಂತ ನಾನು ಹೇಳುವ ವಿಷಯ ಅಲ್ಲ, ಅದಕ್ಕೆ ಮಠದಲ್ಲಿ ಕೇಳಿ.

ಪ್ರ: ಬಜಪೆ. ಗೇರು ಮರದಲ್ಲಿ ಕೆಂಪು ಚಿಗಳಿ ಇರುವೆ ಗೂಡು ಕಟ್ಟಿ ಬೀಜ ಹೆಕ್ಲಿಕ್ಕೇ ಬಿಡೋದಿಲ್ಲ ಮಾರಾಯ್ರೆ. ಸುಟ್ಟು ಹಾಕಿದ್ರೆ ಆಗ್ತದಾ?

ಉ: ಬೇಡ. ಗೇರಿನ ಚಿಗುರು, ಹೂ ಕಪ್ಪಾಗಿ ಒಣಗಿಸುವ ಟೀ ಮಸ್ಕಿಟೊ ಅಂತ ನಾವು ಬೈಯುವ ತಿಗಣೆ ಉಂಟಲ್ಲ, ಅದನ್ನ ಹಿಡಿಯೋದ್ರಲ್ಲಿ ಈ ಚಿಗಳಿ ನಂಬರ್ ಒನ್. ಚೀನಾದಲ್ಲಿ ಸುಮಾರು 1700 ವರ್ಷ ಹಿಂದೆಯೇ ಕಿತ್ತಳೆ ತೋಟಕ್ಕೆ ಇವುಗಳ ಗೂಡನ್ನ ಮಾರ್ಕೆಟಿಂದ ಖರೀದಿಸಿ ತಂದು ಕಟ್ತಿದ್ರು, ಆಸ್ಟ್ರೇಲಿಯಾದಲ್ಲಿ ಗೇರು ತೋಟಕ್ಕೆ ಇವುಗಳನ್ನ ಬಳಸುವ ಕ್ರಮವನ್ನೇ ಬೆಳೆಸಿದ್ದಾರೆ. ಪೂರ್ತಿ ಸಾಧುಗಳೇನಲ್ಲ, ಹಿಟ್ಟು ತಿಗಣೆಯನ್ನ ಸಾಕಿ ಅದರ ಸಿಹಿ ದ್ರವ ಕುಡಿಯುವ ಚಾಳಿಯೂ ಉಂಟು. ಆದ್ರೂ ಲಾಭ ನಷ್ಟ ಹಾಕಿ ನೋಡಿದ್ರೆ ನಿಮಗೆ ಲಾಭವೇ. ಬೀಜ ಹೆಕ್ಕುವ ದಿನ ಉದ್ದ ತೋಳಿನ ಶರ್ಟು ಹಾಕಿ, ಕೈಗೆ ಕಾಲಿಗೆ ಬೂದಿ ಹಚ್ಚಿ ಹೋಗಿ.

ಒಂದು ಸಲ ಪುರುಸೊತ್ತಲ್ಲಿ ನಿಂತು ಗೂಡು ಕಟ್ಟೋದು ನೋಡಿ. ಒಂದಷ್ಟು ಇರುವೆ ಸಾಲಾಗಿ ಒಂದರ ಸೊಂಟ ಇನ್ನೊಂದು ಕಚ್ಚಿ ಹಿಡಿದು ಎರಡು ಎಲೆಯ ಅಂಚನ್ನ ಹತ್ರ ಎಳೀತವೆ, ಆಗ ಬೇರೆ ಇರುವೆ ಬಾಯಲ್ಲಿ ತಮ್ಮದೇ ಮರಿಹುಳ ಹಿಡ್ಕೊಂಡು ಬಂದು ಈ ಅಂಚಿಗೆ ಆ ಅಂಚಿಗೆ ಅದರ ಮೂತಿ ತಾಗಿಸ್ತದೆ. ರೇಷ್ಮೆ ಬಿಡೋದು ಮರಿ, ಹೊಲಿಯೋದು ದೊಡ್ಡವರು. ಮಲೆನಾಡಲ್ಲಿ ಇದರ ಚಟ್ನಿ ಮಾಡ್ತಾರೆ, ಒಡಿಶಾದ ಸಿಮಿಲಿಪಾಲ್ ಕಡೆಯ ಚಟ್ನಿಗಂತೂ 2024ರಲ್ಲಿ ಜಿಐ ಟ್ಯಾಗ್ (ಆ ಊರಿನದ್ದೇ ವಿಶೇಷ ಅಂತ ಕೊಡುವ ಗುರುತು) ಕೂಡ ಸಿಕ್ಕಿದೆ.

ಇರುವೆಗೆ ಮರವೇ ಮನೆ ಕಟ್ಟಿಕೊಡೋದೂ ಉಂಟು. ಘಟ್ಟದ ತಪ್ಪಲಿನ ಕಾಡಲ್ಲಿ ಹಂಬೋಲ್ಟಿಯಾ ಬ್ರುನೋನಿಸ್ ಅಂತ ಒಂದು ಚಿಕ್ಕ ಮರ, ಅದರ ಕೆಲವು ಗಿಡಗಳ ಕಾಂಡದ ಗೆಣ್ಣಿನ ನಡುವಿನ ಭಾಗ ಉಬ್ಬಿ ಟೊಳ್ಳಾಗಿ ತನ್ನಿಂತಾನೇ ಒಂದು ಸೀಳು ಬಾಗಿಲು ಬಿಡ್ತದೆ, ಎಲೆಯಲ್ಲಿ ಇರುವೆಗೆ ಅಂತಲೇ ಮಕರಂದ ಒಸರ್ತದೆ. ವಿಚಿತ್ರ ಎಂತ ಅಂದ್ರೆ ಆ ಮನೆಯಲ್ಲಿ ಬಾಡಿಗೆ ಇರುವ ಎಲ್ಲ ಇರುವೆಗಳೂ ಕಾವಲು ಕಾಯೋದಿಲ್ಲ, ಮರ ಹತ್ತುವ ಒಂದು ಎರೆಹುಳವೂ ಬಂದು ಕೂರ್ತದೆ. ಹಾಗಾದ್ರೆ ಮರಕ್ಕೆ ಎಂತ ಲಾಭ? ಬಾಡಿಗೆದಾರರು ಒಳಗೆ ಬಿಟ್ಟ ಹೊಲಸಿನ ಸಾರವನ್ನ ಮರ ಕಾಂಡದಿಂದಲೇ ಹೀರ್ಕೊಳ್ತದೆ ಅಂತ ನಮ್ಮ ದೇಶದ ಸಂಶೋಧಕರೇ ಕಂಡುಕೊಂಡಿದ್ದಾರೆ.

ಪ್ರ: ಮಣಿಪಾಲದಲ್ಲಿ ಓದ್ತಿದ್ದೇನೆ ಸರ್. ಕೀಟ ತಿನ್ನುವ ಸಸ್ಯ ಅಂದ್ರೆ ಮೇಘಾಲಯಕ್ಕೇ ಹೋಗ್ಬೇಕಾ?

ಉ: ಹಾಸ್ಟೆಲ್ ಹಿಂದಿನ ಪದವಿಗೆ ಹೋದ್ರೆ ಸಾಕು. ಜುಲೈಯಿಂದ ಸೆಪ್ಟೆಂಬರ್ ಒಳಗೆ, ಮುರಕಲ್ಲಿನ ಮೇಲೆ ನೀರು ತೆಳ್ಳಗೆ ಹರೀತಾ ಇರುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಕೆಂಪು ಕೂದಲಿನ ಪುಟ್ಟ ಗಿಡ, ಪ್ರತಿ ಕೂದಲ ತುದಿಯಲ್ಲಿ ಒಂದು ಅಂಟು ಹನಿ, ಅದು ಡ್ರೊಸೆರಾ. ಸೊಳ್ಳೆ ಗಾತ್ರದ ಕೀಟ ಕೂತ್ರೆ ಮುಗೀತು, ಕೂದಲು ನಿಧಾನಕ್ಕೆ ಅದರ ಮೇಲೆ ಬಾಗ್ತದೆ. ಪಕ್ಕದಲ್ಲೇ ನೀಲಿ ಹೂವಿನ ಹಾಸು ಕಂಡ್ರೆ ಅದು ಯುಟ್ರಿಕ್ಯುಲೇರಿಯಾ, ಹೂ ನೋಡಿದ್ರೆ ಪಾಪ ಅನಿಸ್ತದೆ, ಬಲೆ ಇರೋದು ಮಣ್ಣೊಳಗೆ. ಸಾಸಿವೆಗಿಂತ ಸಣ್ಣ ಚೀಲ, ಒಳಗಿನ ನೀರು ಮೊದ್ಲೇ ಹೊರಗೆ ಹಾಕಿ ಬಾಗಿಲು ಮುಚ್ಚಿ ಕೂತಿರ್ತದೆ, ಸೂಕ್ಷ್ಮ ಜೀವಿ ಬಾಗಿಲ ಕೂದಲು ಮುಟ್ಟಿದ ಕೂಡ್ಲೇ ಕಣ್ಣು ಮಿಟುಕಿಸುವುದರೊಳಗೆ ನೀರಿನ ಸಮೇತ ಒಳಗೆಳ್ಕೊಳ್ತದೆ. ಯಾಕೆ ಇಷ್ಟು ಕಷ್ಟ ಅಂದ್ರೆ ಮುರಕಲ್ಲಿನ ಮೇಲಿನ ಆ ಒಂದಿಂಚು ಮಣ್ಣಲ್ಲಿ ಸಾರಜನಕ, ರಂಜಕ ಇರೋದೇ ಇಲ್ಲ ಅನ್ನುವಷ್ಟು ಕಡಿಮೆ, ಇದ್ದದ್ದನ್ನೂ ಮಳೆ ತೊಳೀತದೆ.

ತಮಾಷೆ ಅಂದ್ರೆ ಇದೇ ಗಿಡಗಳಿಗೆ ಪರಾಗಸ್ಪರ್ಶಕ್ಕೂ ಕೀಟವೇ ಬೇಕು. ಅದಕ್ಕೇ ಹೂವನ್ನ ಉದ್ದ ದಂಟಿನ ಮೇಲೆ ಎತ್ತಿಟ್ಟು, ಬಲೆಯನ್ನ ಕೆಳಗಿಟ್ಕೊಂಡದ್ದು. ಸರ್ಕಾರದ ಕಾಗದದಲ್ಲಿ ಪದವು ಅಂದ್ರೆ ಹೆಚ್ಚಾಗಿ ಬಂಜರು ಭೂಮಿ, ಹಾಗಾಗಿ ಮೊದಲ ಜೆಸಿಬಿ ಹೋಗೋದೂ ಅಲ್ಲಿಗೇ. ಬೇಗ ನೋಡಿ ಬನ್ನಿ, ಕೀಳಬೇಡಿ, ಪಾಟಲ್ಲಿ ಬದುಕೋದಿಲ್ಲ.

ಪ್ರ: ಕುಂದಾಪುರದಿಂದ. ಮನೆ ಹಿಂದಿನ ಈಶ್ವರಿ ಬಳ್ಳಿಗೆ ಕಪ್ಪು ಕೆಂಪು ಮುಳ್ಳಿನ ದೊಡ್ಡ ಹುಳ ಬಿದ್ದು ಬಳ್ಳಿ ಬೋಳು. ಕೋಳಿಗೆ ಹಾಕಿದ್ರೆ ಕೋಳಿಯೂ ತಿನ್ನೋದಿಲ್ಲ.

ಉ: ಕೋಳಿಗೆ ಬುದ್ಧಿ ಉಂಟು. ಈಶ್ವರಿ ಬಳ್ಳಿಯಲ್ಲಿ ಅರಿಸ್ಟೊಲೊಕಿಕ್ ಆಮ್ಲ ಅನ್ನುವ ವಿಷ ಉಂಟು, ಈ ಹುಳ ಅದನ್ನ ತಿಂದು ಮೈಯಲ್ಲೇ ಇಟ್ಕೊಳ್ತದೆ, ಚಿಟ್ಟೆ ಆದ ಮೇಲೂ ವಿಷ ಹಾಗೇ ಇರ್ತದೆ. ಹುಳ ಸದರ್ನ್ ಬರ್ಡ್‌ವಿಂಗ್ ಇರಬಹುದು, ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆ, ರೆಕ್ಕೆ ಬಿಡಿಸಿದ್ರೆ 19 ಸೆಂ.ಮೀ. ವರೆಗೆ. ಇಲ್ಲ ಕ್ರಿಮ್ಸನ್ ರೋಸೋ ಕಾಮನ್ ರೋಸೋ ಇರಬಹುದು, ಮೂರಕ್ಕೂ ಇದೇ ಬಳ್ಳಿ. ಬಳ್ಳಿ ಬೇರಿಂದ ಮತ್ತೆ ಬರ್ತದೆ, ಬಿಟ್ಟುಬಿಡಿ. ಅದರ ಬೇರನ್ನ ನೀವು ಮಾತ್ರ ಮದ್ದು ಅಂತ ಕುಡೀಬೇಡಿ, ಆ ಆಮ್ಲ ಮನುಷ್ಯರ ಕಿಡ್ನಿ ತೆಗೀತದೆ, ಕ್ಯಾನ್ಸರ್ ತರ್ತದೆ.

ಇದರ ಬಾಲಕ್ಕೆ ಇನ್ನೊಂದು ಕಥೆ. ಅಂಗಳದ ಬೇವಿನ ಸೊಪ್ಪಿನ (ಒಗ್ಗರಣೆಗೆ ಹಾಕುವ ಕರಿಬೇವಿನ) ಗಿಡದಲ್ಲಿ ಹಸಿರು ಹುಳ ಬರ್ತದಲ್ಲ, ಅದು ಕಾಮನ್ ಮಾರ್ಮನ್. ಅದಕ್ಕೆ ವಿಷ ಇಲ್ಲ. ಆದ್ರೆ ಅದರ ಹೆಣ್ಣು ಚಿಟ್ಟೆಗಳಲ್ಲಿ ಕೆಲವು ಥೇಟ್ ಕಾಮನ್ ರೋಸ್ ಹಾಗೇ ವೇಷ ಹಾಕ್ತವೆ, ಹಕ್ಕಿ ಮೋಸ ಹೋಗಿ ಬಿಟ್ಟುಬಿಡ್ತದೆ. ಅಂದ್ರೆ ನಿಮ್ಮ ಹಿತ್ತಲಿನ ಈಶ್ವರಿ ಬಳ್ಳಿಯ ವಿಷದ ಹೆಸರಲ್ಲಿ ಅಂಗಳದ ಬೇವಿನ ಸೊಪ್ಪಿನ ಹುಳವೂ ಬದುಕ್ತದೆ. ನರ್ಸರಿಯಲ್ಲಿ ಸಿಗುವ ದೊಡ್ಡ ಹೂವಿನ ವಿದೇಶಿ ಬಳ್ಳಿ ಇದೇ ಜಾತಿ ಅಂತ ತಂದು ನೆಡಬೇಡಿ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಬರ್ಡ್‌ವಿಂಗ್ ಅಂಥ ಬಳ್ಳಿಯಲ್ಲಿ ಮೊಟ್ಟೆ ಇಟ್ಟು ಮರಿಗಳೆಲ್ಲ ಸತ್ತು ಹೋದ ಉದಾಹರಣೆ ಉಂಟು.

ಪ್ರ: ಮಂಗಳೂರು ರಥಬೀದಿ. ಮೀನಿನ ಸಾರಿಗೆ ಕಾಯಿ ಹಾಕ್ತೇವಲ್ಲ, ಆ ತೆಪ್ಪಳ ಗಿಡ ನೆಟ್ರೆ ಚಿಟ್ಟೆ ಬರ್ತದಾ?

ಉ: ಬರ್ತದೆ, ಜಾಗ ಇದ್ರೆ ನೆಡಿ, ಮುಳ್ಳಿನ ದೊಡ್ಡ ಮರ ಆಗ್ತದೆ ಅಂತ ಮೊದ್ಲೇ ಹೇಳ್ತೇನೆ. ಮಲಬಾರ್ ಬ್ಯಾಂಡೆಡ್ ಪೀಕಾಕ್ ಅನ್ನುವ ಹಸಿರು ನೀಲಿ ಪಟ್ಟೆಯ ಚಿಟ್ಟೆಯ ಮರಿಗೆ ತೆಪ್ಪಳದ ಎಲೆ ಊಟ. ಕಾಯಿ ನಿಮ್ಮ ಬಂಗುಡೆಗೆ, ಎಲೆ ಅದಕ್ಕೆ.

ಪ್ರ: ಬೆಳ್ತಂಗಡಿ. ನಮ್ಮ ರಬ್ಬರ್ ತೋಟದಲ್ಲಿ ತುಡುವೆ ಪೆಟ್ಟಿಗೆ ಇಟ್ಟಿದ್ದೇವೆ. ಹೂವೇ ಇಲ್ಲದ ಹೊತ್ತಲ್ಲಿ ಜೇನು ತುಂಬ್ತದೆ, ಅದೂ ಬೇಗ ಗಟ್ಟಿ ಆಗ್ತದೆ. ಕೊಂಡವರು ಸಕ್ಕರೆ ಪಾಕ ಅಂತ ಜಗಳಕ್ಕೆ ಬರ್ತಾರೆ.

ಉ: ರಬ್ಬರ್ ಎಲೆ ಉದುರಿ ಹೊಸ ಚಿಗುರು ಬರುವಾಗ ಒಂದು ಎಲೆ ಕಿತ್ತು ಮೂರು ಎಸಳು ಸೇರುವ ಜಾಗ ನೋಡಿ, ಅಲ್ಲಿ ಸಣ್ಣ ಗ್ರಂಥಿ ಉಂಟು, ಮುಟ್ಟಿದ್ರೆ ಬೆರಳಿಗೆ ಅಂಟ್ತದೆ. ಮಕರಂದ ಬರೋದು ಅಲ್ಲಿಂದ, ಹೂವಿಂದ ಅಲ್ಲ. ಹಂಬೋಲ್ಟಿಯಾ ಇರುವೆಗೆ ಇಟ್ಟ ಹಾಗೆ ಎಷ್ಟೋ ಗಿಡಗಳು ಎಲೆಯಲ್ಲಿ ಹೀಗೆ ಸಿಹಿ ಇಡ್ತವೆ, ಇರುವೆ ಬಂದು ಚಿಗುರು ಕಾಯ್ಲಿ ಅಂತ. ದಕ್ಷಿಣ ಅಮೆರಿಕದ ಮರ ನಮ್ಮ ತುಡುವೆಗೆ ಅನ್ನ ಹಾಕ್ತಾ ಉಂಟು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವು ಸತ್ತು, ಊರಲ್ಲಿ ಪೆಟ್ಟಿಗೆ ಖಾಲಿ ಬಿದ್ದದ್ದು ಹಳಬರಿಗೆ ನೆನಪಿರಬಹುದು, ಈಗ ಮತ್ತೆ ಜೇನು ಕೃಷಿ ಎದ್ದು ನಿಂತದ್ರಲ್ಲಿ ರಬ್ಬರ್ ತೋಟದ ಪಾಲು ದೊಡ್ಡದು.

ರಬ್ಬರ್ ಜೇನು ಬಣ್ಣ ತಿಳಿ, ಸಹಜವಾಗಿಯೇ ಬೇಗ ಹರಳುಗಟ್ತದೆ, ಅದು ಕಲಬೆರಕೆಯ ಗುರುತು ಅಲ್ಲ. ಬಾಟ್ಲಿ ಮೇಲೆ ರಬ್ಬರ್ ತೋಟದ ಜೇನು ಅಂತಲೇ ಬರೆದು ಮಾರಿ. ಗಟ್ಟಿಯಾದ್ರೆ ಬಾಟ್ಲಿಯನ್ನ ಉಗುರು ಬೆಚ್ಚಗಿಂತ ಸ್ವಲ್ಪ ಹೆಚ್ಚು ಬಿಸಿ ನೀರಿನ ಪಾತ್ರೆಯಲ್ಲಿ ಇಡ್ಲಿಕ್ಕೆ ಹೇಳಿ, ಒಲೆ ಮೇಲೆ ಇಡೋದು ಬೇಡ, ತನ್ನಷ್ಟಕ್ಕೇ ಕರಗ್ತದೆ.